ವಿಡಿಯೋಕಾನ್ ಫೋನಿನ ಒಳಗೆ ಏನಿತ್ತು?

ಮುಂಬಯಿಯ ಕಫ್ ಪರೇಡಿನಲ್ಲಿ ಎಂಟಿಎನ್‌ಎಲ್‌ನ ಟೆಲಿಫೋನ್ ಎಕ್ಸ್‌ಚೇಂಜ್ ಕಟ್ಟಡವೊಂದಿದೆ. ಅದರ ಮೇಲಿನ ಮಹಡಿಗಳಲ್ಲಿ ಈಗ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಮುಂಬಯಿ ಪೀಠವಿದೆ. ಸಾಲ ತೀರಿಸಲಾಗದೆ ಬಿದ್ದ ಕಂಪನಿಗಳ ಲೆಕ್ಕ ಚುಕ್ತಾ ಆಗುವುದು ಈ ಪೀಠದ ಮುಂದೆ. 2021ರ ಜೂನ್ 8ರಂದು ಇದು ವಿಡಿಯೋಕಾನ್ ಸಮೂಹದ 13 ಕಂಪನಿಗಳನ್ನು ಒಟ್ಟಿಗೆ ಸೇರಿಸಿ ಒಂದು ಆದೇಶ ಕೊಟ್ಟಿತು. ಸಾಲ ಕೊಟ್ಟವರಿಗೆ ಬರಬೇಕೆಂದು ಒಪ್ಪಿಕೊಂಡ ಮೊತ್ತ ಸುಮಾರು 64,838 ಕೋಟಿ ರೂಪಾಯಿ. ಅನಿಲ್ ಅಗರ್‌ವಾಲರ ವೇದಾಂತ ಬಳಗಕ್ಕೆ ಸೇರಿದ ಟ್ವಿನ್ ಸ್ಟಾರ್ ಟೆಕ್ನಾಲಜೀಸ್ ಕೊಡಲು ಮುಂದೆ ಬಂದದ್ದು 2,962 ಕೋಟಿ. ನೂರು ರೂಪಾಯಿಗೆ ಐದು ರೂಪಾಯಿಯೂ ಇಲ್ಲ. ಕೊಳ್ಳುವವರು ಹೆಚ್ಚುಕಡಿಮೆ ಏನನ್ನೂ ಕೊಡುತ್ತಿಲ್ಲ ಎಂದು ಆದೇಶದಲ್ಲಿ ಪೀಠವೇ ಬರೆಯಿತು, ಬರೆದು ಒಪ್ಪಿಗೆಯನ್ನೂ ಕೊಟ್ಟಿತು. ಟಿವಿ, ವಾಷಿಂಗ್ ಮಷೀನು, ಫ್ರಿಜ್ಜು, ಎಣ್ಣೆ ಬಾವಿ, ಡಿಟಿಎಚ್, ಮೊಬೈಲ್ ಸೇವೆ, ಮೊಬೈಲ್ ಫೋನು ಎಂದು ಹಬ್ಬಿದ್ದ ಈ ಮನೆತನದ ಕಥೆಯಲ್ಲಿ ಫೋನಿನದು ಚಿಕ್ಕ ಅಧ್ಯಾಯ. 2009ರ ಕೊನೆಗೆ ಶುರುವಾಗಿ ಹತ್ತು ವರ್ಷ ತುಂಬುವ ಮೊದಲೇ ಅದು ಮುಗಿಯಿತು. ಆದರೂ ಇಡೀ ಮನೆಗೆ ಹತ್ತಿದ್ದ ರೋಗ ಯಾವುದೆಂದು ತಿಳಿಯಬೇಕಾದರೆ ಆ ಫೋನನ್ನೇ ಬಿಚ್ಚಿ ನೋಡಬೇಕು ಎಂಬುದು ಈ ಲೇಖನದ ವಾದ. ಏರುತ್ತಿದ್ದ ದಿನಗಳಲ್ಲಿ ವಿಡಿಯೋಕಾನ್ ತಾನು ಮಾರುವ ವಸ್ತುವಿನ ಒಳಗನ್ನು ಕಲಿಯಲು ಹೊರಟಿತ್ತು. ಇಳಿಯುವ ದಿನಗಳಲ್ಲಿ ಪರವಾನಗಿ, ಸಾಲ ಮತ್ತು ಹೆಸರು ಈ ಮೂರಿದ್ದರೆ ಒಳಗನ್ನು ಯಾರಿಂದಲಾದರೂ ತರಿಸಿಕೊಳ್ಳಬಹುದೆಂದು ನಂಬಿತು.

ಕಥೆಯ ಬೇರು ಮುಂಬಯಿಯಲ್ಲಿಲ್ಲ, ಮರಾಠವಾಡದಲ್ಲಿದೆ. ನಿಜಾಮನ ಕಾಲದಲ್ಲಿ ನಮ್ಮ ಬೀದರ್, ಕಲಬುರಗಿ, ರಾಯಚೂರುಗಳ ಜೊತೆ ಒಂದೇ ರಾಜ್ಯದಲ್ಲಿದ್ದ ಔರಂಗಾಬಾದಿನ ಸೀಮೆ ಅದು. ಮಳೆ ಕಡಿಮೆ, ಹತ್ತಿ ಮತ್ತು ಕಬ್ಬಿನ ವ್ಯಾಪಾರವೇ ಬಂಡವಾಳದ ಮೂಲ. ನಂದಲಾಲ್ ಮಾಧವಲಾಲ್ ಧೂತ್ 1950ರ ದಶಕದಲ್ಲಿ ಗಂಗಾಪುರದಲ್ಲಿ ಸಕ್ಕರೆ ಕಾರ್ಖಾನೆ ಕಟ್ಟಿದರು. ಮುಂದೆ ಬಜಾಜ್ ಸ್ಕೂಟರಿನ ಡೀಲರ್ ಆದರು. ಸ್ಕೂಟರಿಗೆ ವರ್ಷಗಟ್ಟಲೆ ಕಾಯಬೇಕಿದ್ದ ಆ ದಿನಗಳಲ್ಲಿ ಡೀಲರನಾಗಿ ಕೂತವನಿಗೆ ಮಧ್ಯಮ ವರ್ಗದ ಆಸೆ ಯಾವುದು, ಅದಕ್ಕೆ ಎಷ್ಟು ದುಡ್ಡು ಕೂಡಿಡುತ್ತಾರೆ ಎಂಬುದು ಯಾವ ಸಮೀಕ್ಷೆಯೂ ಬೇಡದೆ ತಿಳಿಯುತ್ತಿತ್ತು. 1982ರ ಏಷ್ಯನ್ ಕ್ರೀಡಾಕೂಟದೊಂದಿಗೆ ದೂರದರ್ಶನಕ್ಕೆ ಬಣ್ಣ ಬಂದಾಗ ಮುಂದಿನ ಆಸೆ ಟಿವಿಯೆಂದು ಅವರಿಗೆ ಹೊಳೆದದ್ದು ಸಹಜವೇ. ಪುಣೆಯಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿದ್ದ ಹಿರಿಯ ಮಗ ವೇಣುಗೋಪಾಲ್ ಟಿವಿ ತಯಾರಿಕೆ ಕಲಿಯಲು ಜಪಾನಿಗೆ ಹೋದರು. ತೋಶಿಬಾದ ತಾಂತ್ರಿಕ ಸಹಕಾರದಿಂದ 1980ರ ದಶಕದ ನಡುವಿನಲ್ಲಿ ವಿಡಿಯೋಕಾನ್ ಹುಟ್ಟಿತು. ಕಾರ್ಖಾನೆ ಔರಂಗಾಬಾದಿನಿಂದ ಪೈಠಣಕ್ಕೆ ಹೋಗುವ ದಾರಿಯ ಚಿತೇಗಾಂವದಲ್ಲಿ. ಕಚೇರಿ ಮಾತ್ರ ಮುಂಬಯಿಯ ಕೋಟೆ ಪ್ರದೇಶದಲ್ಲಿ, ದಾದಾಭಾಯಿ ನವರೋಜಿ ರಸ್ತೆಯ ಫೋರ್ಟ್ ಹೌಸ್‌ನಲ್ಲಿ. ವಸ್ತು ತಯಾರಾಗುವುದು ಒಂದು ಊರಿನಲ್ಲಿ, ಬ್ಯಾಂಕು, ಶೇರುಪೇಟೆ, ಜಾಹೀರಾತುಗಳಿರುವುದು ಇನ್ನೊಂದರಲ್ಲಿ. ಈ ಎರಡು ಊರುಗಳಲ್ಲಿ ಯಾವುದರ ಮಾತು ಮೇಲಾಗುತ್ತದೆ ಎಂಬುದನ್ನು ಗಮನಿಸುತ್ತ ಹೋದರೆ ಮುಂದಿನ ಮೂವತ್ತು ವರ್ಷ ಅರ್ಥವಾಗುತ್ತದೆ.

ಮೊದಲ ಇಪ್ಪತ್ತು ವರ್ಷ ಚಿತೇಗಾಂವದ ಮಾತೇ ಮೇಲಿತ್ತು. ಆಗಿನ ಭಾರತೀಯ ಟಿವಿ ಕಂಪನಿಗಳಲ್ಲಿ ಬಹಳಷ್ಟು ಹೊರಗಿನಿಂದ ಕಿಟ್ ತರಿಸಿ ತಿರುಪು ಬಿಗಿದು ಮಾರುತ್ತಿದ್ದವು. ವಿಡಿಯೋಕಾನ್ ಒಂದೊಂದೇ ಮೆಟ್ಟಿಲು ಕೆಳಗಿಳಿಯಿತು. ಟಿವಿಯಲ್ಲಿ ಅತಿ ಬೆಲೆಬಾಳುವ ಭಾಗ ಚಿತ್ರನಳಿಕೆ. ಚಿತ್ರನಳಿಕೆಯಲ್ಲಿ ಅತಿ ಕಷ್ಟದ ಭಾಗ ಅದರ ಗಾಜು. ಆ ಗಾಜನ್ನೇ ಕರಗಿಸಿ ಎರೆಯುವ ಕಾರ್ಖಾನೆಯನ್ನು ಅದು ಗುಜರಾತಿನ ಭರೂಚ್ ಬಳಿ ಹಾಕಿತು. ಮುಂಬಯಿಯದೇ ಆದ ಓನಿಡಾ ಜಾಹೀರಾತಿನಲ್ಲಿ ಹೆಸರು ಮಾಡಿತು. ಬೆಂಗಳೂರಿನಲ್ಲಿ ನೆಲೆಸಿದ್ದ ಬಿಪಿಎಲ್ ಸ್ಯಾನ್ಯೋದ ಕೈಹಿಡಿದು ಗುಣಮಟ್ಟದಲ್ಲಿ ಹೆಸರು ಮಾಡಿತು. ಚಿಕ್ಕ ಊರುಗಳ ಅಂಗಡಿಗೆ ಕಡಿಮೆ ಬೆಲೆಯ ಮಾಲು ಮುಟ್ಟಿಸುವುದರಲ್ಲಿ ವಿಡಿಯೋಕಾನ್ ಇವೆರಡನ್ನೂ ಮೀರಿಸಿತು, ಏಕೆಂದರೆ ಗಾಜಿನಿಂದ ಹಿಡಿದು ಸಿದ್ಧ ಟಿವಿಯವರೆಗೆ ಖರ್ಚು ಅದರ ಕೈಯಲ್ಲೇ ಇತ್ತು. ಆ ವರ್ಷಗಳಲ್ಲಿ ಹೊರಗಿನ ಸರಕಿನ ಮೇಲೆ ಭಾರಿ ಸುಂಕವಿತ್ತೆಂಬುದನ್ನೂ ಹೇಳಲೇಬೇಕು. ಆ ಸುಂಕದ ಬೇಲಿಯೊಳಗೆ ಕಂಪನಿಗೆ ಸಿಕ್ಕಿದ್ದು ಲಾಭವಷ್ಟೇ ಅಲ್ಲ, ಕಲಿಯುವ ಸಮಯ. ಬೇಲಿಯೊಳಗಿದ್ದ ಎಲ್ಲರಿಗೂ ಆ ಸಮಯ ಸಿಕ್ಕಿತ್ತು. ಅದನ್ನು ಕಲಿಕೆಗೆ ಹಾಕಿದವರು ಕಡಿಮೆ, ಆ ಕಡಿಮೆಯವರಲ್ಲಿ ಧೂತ್ ಮನೆತನ ಒಂದು. 1990ರ ದಶಕದ ನಡುವೆ ಸ್ಯಾಮ್‌ಸಂಗ್, 1997ರಲ್ಲಿ ಎಲ್‌ಜಿ ಬಂದ ಮೇಲೆ ಬಿಪಿಎಲ್ ಕುಸಿಯಿತು, ಓನಿಡಾ ಕುಗ್ಗಿತು, ವಿಡಿಯೋಕಾನ್ ತಾಳಿಕೊಂಡಿತು. ಕೃಷ್ಣಾ-ಗೋದಾವರಿ ಕೊಳ್ಳದ ರವ್ವಾ ತೈಲಕ್ಷೇತ್ರದಲ್ಲಿ ಅದಕ್ಕಿದ್ದ ಶೇಕಡ 25ರ ಪಾಲು ಕೈಗೆ ನಗದು ತರುತ್ತಿತ್ತು. ನಿಂತು ಯೋಚಿಸಲು ಬೇಕಾದಷ್ಟು ಉಸಿರು ಅದಕ್ಕಿತ್ತು.

ತಿರುವು ಬಂದದ್ದು 2005ರಲ್ಲಿ. ಆ ವರ್ಷ ಅದು ಎಲೆಕ್ಟ್ರೋಲಕ್ಸ್‌ನ ಭಾರತದ ವ್ಯವಹಾರವನ್ನೂ, ಫ್ರಾನ್ಸಿನ ಥಾಮ್ಸನ್ ಕಂಪನಿಯ ಚಿತ್ರನಳಿಕೆ ಉದ್ಯಮವನ್ನೂ ಕೊಂಡಿತು. ಥಾಮ್ಸನ್ ವ್ಯವಹಾರದ ಬೆಲೆ ಸುಮಾರು 24 ಕೋಟಿ ಯೂರೋ. ಪೋಲೆಂಡ್, ಇಟಲಿ, ಮೆಕ್ಸಿಕೊ, ಚೀನಾಗಳಲ್ಲಿದ್ದ ಕಾರ್ಖಾನೆಗಳು ಒಂದೇ ಏಟಿಗೆ ಮರಾಠವಾಡದ ಕಂಪನಿಯ ಕೈಗೆ ಬಂದವು. ಚಿತ್ರನಳಿಕೆ ತಯಾರಿಕೆಯಲ್ಲಿ ಅದು ಜಗತ್ತಿನ ಮೊದಲ ಮೂವರಲ್ಲಿ ಒಂದಾಯಿತು. ಮುಂಬಯಿಯ ಪತ್ರಿಕೆಗಳು ಇದನ್ನು ಭಾರತೀಯ ಉದ್ಯಮದ ದಿಗ್ವಿಜಯವೆಂದು ಕೊಂಡಾಡಿದವು. ಥಾಮ್ಸನ್ ಏಕೆ ಮಾರುತ್ತಿದೆ ಎಂಬ ಪ್ರಶ್ನೆಗೆ ಆ ಸಂಭ್ರಮದಲ್ಲಿ ಜಾಗ ಸಿಗಲಿಲ್ಲ. ಚಪ್ಪಟೆ ಪರದೆಯ ಎಲ್‌ಸಿಡಿ ಟಿವಿಯ ಬೆಲೆ ತಿಂಗಳಿಂದ ತಿಂಗಳಿಗೆ ಇಳಿಯುತ್ತಿತ್ತು. 2007 ಮುಗಿಯುವಷ್ಟರಲ್ಲಿ ಜಗತ್ತಿನಾದ್ಯಂತ ಮಾರಾಟದಲ್ಲಿ ಎಲ್‌ಸಿಡಿ ಹಳೆಯ ನಳಿಕೆಯ ಟಿವಿಯನ್ನು ಹಿಂದೆ ಹಾಕಿತು. ಯುರೋಪಿನ ಆ ಕಾರ್ಖಾನೆಗಳು ಕೆಲವೇ ವರ್ಷಗಳಲ್ಲಿ ಬಾಗಿಲು ಹಾಕಿದವು. ಇಲ್ಲಿ ಓದುಗರು ನನ್ನ ವಾದವನ್ನೇ ತಿರುಗಿಸಿ ಕೇಳಬಹುದು: ಟಿವಿಯ ಒಳಗನ್ನು ಅಷ್ಟು ಆಳವಾಗಿ ಕಲಿತದ್ದೇ ಮುಳುವಾಯಿತಲ್ಲ, ಹಾಗಿದ್ದ ಮೇಲೆ ಕಲಿಕೆಯಿಂದ ಬಂದ ಲಾಭವೇನು? ಸ್ಯಾಮ್‌ಸಂಗ್, ಎಲ್‌ಜಿಗಳೂ ಚಿತ್ರನಳಿಕೆ ಮಾಡುತ್ತಿದ್ದವರೇ. ನಳಿಕೆಯಿಂದ ಬಂದ ದುಡ್ಡನ್ನು ಅವರು ಮುಂದಿನ ಪರದೆಯ ವಿದ್ಯೆಗೆ ಸುರಿದರು. ವಿಡಿಯೋಕಾನ್ ಸಾಯುತ್ತಿರುವ ವಿದ್ಯೆಯ ಯಂತ್ರಗಳನ್ನು ಇನ್ನಷ್ಟು ರಾಶಿ ಹಾಕಿಕೊಂಡಿತು. ಭರೂಚಿನಲ್ಲಿ ಗಾಜು ಎರೆಯಲು ಕಲಿತದ್ದು ಒಂದು ಬಗೆಯ ಸಾಹಸ. ಬೇರೆಯವರು ಬಿಟ್ಟುಹೋಗುತ್ತಿದ್ದ ಮನೆಯನ್ನು ಅಗ್ಗವೆಂದು ಕೊಂಡದ್ದು ಬೇರೆಯೇ ಬಗೆಯದು. ಕೊಳ್ಳುವುದೇ ಕಲಿಯುವುದೆಂಬ ಭ್ರಮೆ ಮೂಡಿದ್ದು ಈ 2005ರಲ್ಲಿ ಎಂದು ನನಗೆ ತೋರುತ್ತದೆ. ಅದರ ಬೆನ್ನಿಗೇ ಕೊರಿಯಾದ ದೇವೂ ಎಲೆಕ್ಟ್ರಾನಿಕ್ಸ್ ಕೊಳ್ಳಲು ಸುಮಾರು 70 ಕೋಟಿ ಡಾಲರಿನ ಪ್ರಯತ್ನ ನಡೆದು ಮುರಿದುಬಿತ್ತು.

ಇಷ್ಟು ಹೊತ್ತಿಗೆ ಮುಂಬಯಿಯ ಬೀದಿಯಲ್ಲಿ ಹೊಸ ಆಸೆಯೊಂದು ಹುಟ್ಟಿ ಬೆಳೆದಿತ್ತು. 1995ರಲ್ಲಿ ಮೊಬೈಲ್ ಸೇವೆ ಬಂದಾಗ ನಿಮಿಷಕ್ಕೆ 16 ರೂಪಾಯಿಯವರೆಗೆ ಕೊಡಬೇಕಿತ್ತು. ಬರುವ ಕರೆಗೂ ದುಡ್ಡು. ನಗರದ ಮೊದಲ ಎರಡು ಕಂಪನಿಗಳಾದ ಮ್ಯಾಕ್ಸ್‌ಟಚ್ ಮತ್ತು ಬಿಪಿಎಲ್ ಮೊಬೈಲ್‌ಗಳಿಗೆ ಆಗ ಗ್ರಾಹಕರಾದವರು ದಲಾಲರು, ಬಿಲ್ಡರುಗಳು, ಸಿನಿಮಾದವರು. 2002ರ ಡಿಸೆಂಬರಿನಲ್ಲಿ ನವಿ ಮುಂಬಯಿಯ ಕೋಪರ್‌ಖೈರಣೆಯ ಆವರಣದಿಂದ ರಿಲಯನ್ಸ್ ಇನ್ಫೋಕಾಮ್ ಕಣಕ್ಕಿಳಿಯಿತು. ಮರುವರ್ಷದ ಮಳೆಗಾಲದಲ್ಲಿ 501 ರೂಪಾಯಿ ಕಟ್ಟಿದವರ ಕೈಗೆ ಫೋನು ಬಂತು. 2003ರಲ್ಲೇ ಬರುವ ಕರೆ ಪುಕ್ಕಟೆಯಾಯಿತು. ವಿರಾರ್, ಕಲ್ಯಾಣಗಳಿಂದ ಲೋಕಲ್ ಹಿಡಿದು ಬರುವ ಪ್ಲಂಬರ್, ಡ್ರೈವರ್, ಮನೆಗೆಲಸದವರಿಗೆ ಫೋನು ಹೊಟ್ಟೆಪಾಡಿನ ಉಪಕರಣವಾದದ್ದು ಈ ಕೆಲವು ತಿಂಗಳಲ್ಲಿ. ಕ್ರಾಫರ್ಡ್ ಮಾರ್ಕೆಟ್ ಬಳಿಯ ಮನೀಶ್ ಮಾರ್ಕೆಟ್, ಹಾಜಿ ಅಲಿಯ ಹೀರಾ ಪನ್ನಾ, ಲ್ಯಾಮಿಂಗ್ಟನ್ ರಸ್ತೆಯ ಗಲ್ಲಿಗಳಲ್ಲಿ ನೋಕಿಯಾದ ಪಕ್ಕದಲ್ಲೇ ಹೆಸರಿಲ್ಲದ ಚೀನಾ ಫೋನುಗಳು ಕೂತವು: ದೊಡ್ಡ ಸ್ಪೀಕರು, ಎರಡು ಸಿಮ್ಮು, ದಿನಗಟ್ಟಲೆ ಬಾಳುವ ಬ್ಯಾಟರಿ; ಬಿಲ್ಲಿಲ್ಲ, ಗ್ಯಾರಂಟಿಯಿಲ್ಲ. ಭಾರತದ ಬಡ ಗ್ರಾಹಕನಿಗೆ ಫೋನಿನಲ್ಲಿ ಏನು ಬೇಕೆಂದು ನೋಕಿಯಾಕ್ಕಿಂತ ಮೊದಲು ಅರಿತವರು ಈ ಗಲ್ಲಿಯ ವ್ಯಾಪಾರಿಗಳು. 2009ರ ಕೊನೆಯಲ್ಲಿ, ಪ್ರತಿ ಫೋನಿನ ಗುರುತಾದ ಐಎಂಇಐ ಸಂಖ್ಯೆಯಿಲ್ಲದ ಫೋನುಗಳ ಸಂಪರ್ಕ ಕಡಿಯಲು ಸರ್ಕಾರ ಆದೇಶಿಸಿದಾಗ ಆ ಬೇಡಿಕೆಯೆಲ್ಲ ಬಿಲ್ಲು, ಗ್ಯಾರಂಟಿ ಮತ್ತು ನಂಬಬಹುದಾದ ಒಂದು ಹೆಸರಿಗಾಗಿ ಕಾದು ನಿಂತಿತ್ತು.

ಹೆಸರು ಇದ್ದವರೆಲ್ಲ ಮುಗಿಬಿದ್ದರು. ದಿಲ್ಲಿ ಕಡೆಯಿಂದ ಮೈಕ್ರೋಮ್ಯಾಕ್ಸ್, ಲಾವಾ. ಬೆಂಗಳೂರಿನ ಯುಟಿಎಲ್ ಮತ್ತು ದಿಲ್ಲಿಯ ಜೈನಾ ಸಮೂಹ ಸೇರಿ ಕಟ್ಟಿದ ಕಾರ್ಬನ್. ಮುಂಬಯಿಯಿಂದ ಓನಿಡಾ ಮತ್ತು ಬ್ಯಾಟರಿ-ಚಾರ್ಜರು ಮಾರಿ ಮೇಲೆ ಬಂದ ಮ್ಯಾಕ್ಸ್. 2010ರ ಐಪಿಎಲ್‌ನಲ್ಲಿ ಆಟ ನಿಂತಾಗ ಬರುವ ವಿರಾಮಕ್ಕೆ ಮ್ಯಾಕ್ಸ್ ಹೆಸರು, ಹಿಡಿದ ಕ್ಯಾಚಿಗೆ ಕಾರ್ಬನ್ ಹೆಸರು. ದೇಶದಲ್ಲಿ ಮೊಬೈಲ್ ಸಂಪರ್ಕಗಳ ಸಂಖ್ಯೆ 50 ಕೋಟಿ ದಾಟಿತ್ತು. ಈ ನೂಕುನುಗ್ಗಲಿನಲ್ಲಿ ವಿಡಿಯೋಕಾನ್ ಬಳಿ ಉಳಿದವರಿಗಿಲ್ಲದ ಎರಡು ಆಸ್ತಿಗಳಿದ್ದವು. ಒಂದು, ತಾಲ್ಲೂಕು ಕೇಂದ್ರಗಳವರೆಗೆ ಹರಡಿದ್ದ ಡೀಲರು ಮತ್ತು ಸರ್ವಿಸ್ ಸೆಂಟರುಗಳ ಜಾಲ. ಇನ್ನೊಂದು, 2008ರ ಜನವರಿಯಲ್ಲಿ ಅದರ ಡೇಟಾಕಾಮ್ ಸಲ್ಯೂಷನ್ಸ್‌ಗೆ 21 ವಲಯಗಳಲ್ಲಿ ಸಿಕ್ಕ 2ಜಿ ಪರವಾನಗಿ. ದೇಶವಿಡೀ ಸೇವೆ ಕೊಡಲು 2001ರಲ್ಲಿ ನಿಗದಿಯಾಗಿದ್ದ 1,658 ಕೋಟಿಯ ಶುಲ್ಕದ ಆಧಾರದ ಮೇಲೆಯೇ, ಮೊದಲು ಬಂದವರಿಗೆ ಮೊದಲು ಎಂಬ ನೆಪದಲ್ಲಿ, ಆ ಪರವಾನಗಿಗಳನ್ನು ಹಂಚಲಾಗಿತ್ತು. 2009ರಲ್ಲಿ ಕಂಪನಿ ತನ್ನ ಹಳೆಯ ಲಾಂಛನ ತೆಗೆದು ಹಸಿರು ಬಣ್ಣದ, ಹರಿಯುವಂತಿರುವ ಹೊಸ 'ವಿ' ತಂದಿತು. ಅದೇ ವರ್ಷ ಡಿಟಿಎಚ್ ಸೇವೆ, ವರ್ಷದ ಕೊನೆಗೆ ಹ್ಯಾಂಡ್‌ಸೆಟ್, 2010ರಲ್ಲಿ ಮೊಬೈಲ್ ಸೇವೆ. ಟಿವಿ ನಮ್ಮದು, ಅದಕ್ಕೆ ಬರುವ ಚಾನೆಲ್ ನಮ್ಮದು, ಫೋನು ನಮ್ಮದು, ಅದರೊಳಗಿನ ಸಿಮ್ಮೂ ನಮ್ಮದು ಎಂಬುದು ಲೆಕ್ಕ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಯೋಜನೆ ಆ ವರ್ಷ ಬೇರೆ ಯಾವ ಭಾರತೀಯ ಕಂಪನಿಯ ಬಳಿಯೂ ಇರಲಿಲ್ಲ ಎಂದು ಒಪ್ಪಿಕೊಳ್ಳಬೇಕು.

ಹಾಗಾದರೆ ಆ ಫೋನಿನ ಒಳಗೆ ಏನಿತ್ತು? ಅಂದಿನ ಅಗ್ಗದ ಫೋನುಗಳ ಒಳಗಿರುತ್ತಿದ್ದದ್ದೇ ಇತ್ತು. ತೈವಾನಿನ ಮೀಡಿಯಾಟೆಕ್ ಚಿಪ್ಪಿನ ಜೊತೆ ಸಾಫ್ಟ್‌ವೇರು, ಬೋರ್ಡಿನ ನಕ್ಷೆ ಎಲ್ಲವನ್ನೂ ಸಿದ್ಧವಾಗಿ ಕೊಡುತ್ತಿತ್ತು. ಶೆನ್‌ಜೆನ್‌ನ ವಿನ್ಯಾಸ ಸಂಸ್ಥೆಗಳು ಅದಕ್ಕೊಂದು ಮೈ ಕೊಡುತ್ತಿದ್ದವು. ಭಾರತದ ಕಂಪನಿ ಪಟ್ಟಿ ನೋಡಿ ಮಾದರಿ ಆರಿಸಿ, ಹೆಸರು ಹಚ್ಚಿಸಿ, ಹಡಗಿಗೇರಿಸಿದರೆ ಕೆಲಸ ಮುಗಿಯಿತು. ಮೈಕ್ರೋಮ್ಯಾಕ್ಸ್, ಕಾರ್ಬನ್‌ಗಳ ಫೋನೂ ಹೀಗೇ ಬರುತ್ತಿದ್ದದ್ದು. ಒಂದೇ ಹೊಟ್ಟೆಯ ಮಕ್ಕಳಿಗೆ ಬೇರೆ ಬೇರೆ ಅಂಗಿ ತೊಡಿಸಿದ ಹಾಗೆ, ಅಂಗಡಿಯ ಗಾಜಿನ ಹಿಂದೆ ಒಂದೇ ಬೋರ್ಡಿನ ಫೋನುಗಳು ಹಲವು ಹೆಸರಿನಲ್ಲಿ ಕೂತಿರುತ್ತಿದ್ದವು. ಟಿವಿಯ ಗಾಜನ್ನೇ ಎರೆದಿದ್ದ ಕಂಪನಿ ಫೋನಿನಲ್ಲಿ ಇಷ್ಟಕ್ಕೇ ಏಕೆ ತೃಪ್ತಿಪಟ್ಟಿತು ಎಂಬುದಕ್ಕೆ ಸರ್ಕಾರದ ನೀತಿಯಲ್ಲೇ ಒಂದು ಉತ್ತರವಿದೆ, ಅದು ಅರ್ಧ ಉತ್ತರ. 1997ರಲ್ಲಿ ಭಾರತ ಸೇರಿದ ಮಾಹಿತಿ ತಂತ್ರಜ್ಞಾನ ಒಪ್ಪಂದದಂತೆ 2005ರ ಹೊತ್ತಿಗೆ ಸಿದ್ಧ ಫೋನಿನ ಮೇಲಿನ ಆಮದು ಸುಂಕ ಸೊನ್ನೆಗೆ ಇಳಿದಿತ್ತು. ಟಿವಿಗೆ ಸಿಕ್ಕ ಬೇಲಿ ಫೋನಿಗೆ ಸಿಗಲಿಲ್ಲ. ಇಲ್ಲಿ ಮಾಡುವುದಕ್ಕಿಂತ ಅಲ್ಲಿಂದ ತರುವುದೇ ಅಗ್ಗವಾಯಿತು. ನೀತಿಯ ಈ ತಪ್ಪನ್ನು ಅರ್ಥಶಾಸ್ತ್ರಜ್ಞರಲ್ಲಿ ಒಂದು ಗುಂಪು ಬಲವಾಗಿ ಎತ್ತಿ ತೋರಿಸುತ್ತದೆ. ಅಗ್ಗದ ಫೋನು ಸಿಕ್ಕಿದ್ದರಿಂದಲೇ ಮೊಬೈಲ್ ಬಡವರ ಮನೆ ಮುಟ್ಟಿತು, ಸುಂಕ ಹಾಕಿದ್ದರೆ ನಷ್ಟ ಅವರಿಗೇ ಎಂದು ಇನ್ನೊಂದು ಗುಂಪು ಹೇಳುತ್ತದೆ. ಎರಡನೆಯ ಮಾತನ್ನು ತಳ್ಳಿಹಾಕಲು ನನ್ನಿಂದಾಗದು. ಆದರೆ ನೀತಿ ಬಾಗಿಲು ಮುಚ್ಚಿದ್ದು ತಯಾರಿಕೆಗೆ ಮಾತ್ರ. ವಿನ್ಯಾಸಕ್ಕೆ, ಸಾಫ್ಟ್‌ವೇರಿಗೆ, ಚಿಪ್ಪಿನ ಕಲಿಕೆಗೆ ಯಾರೂ ಅಡ್ಡ ಬಂದಿರಲಿಲ್ಲ. ಚಿಪ್ ವಿನ್ಯಾಸ ಮಾಡುವ ಸಾವಿರಾರು ಎಂಜಿನಿಯರುಗಳು ಆಗ ಬೆಂಗಳೂರಿನಲ್ಲೇ ಹೊರದೇಶದ ಕಂಪನಿಗಳಿಗೆ ದುಡಿಯುತ್ತಿದ್ದರು. ಅವರನ್ನು ಹುಡುಕಿ ಹೋಗಬೇಕೆಂದು ಫೋರ್ಟ್ ಹೌಸಿಗೆ ಅನ್ನಿಸದೆ ಹೋದದ್ದಕ್ಕೆ ಸುಂಕ ಕಾರಣವಲ್ಲ.

2012ರ ಫೆಬ್ರವರಿ 2ರಂದು 2008ರ ಆ ಹಂಚಿಕೆ ಅಕ್ರಮವೆಂದು ಸುಪ್ರೀಂ ಕೋರ್ಟು 122 ಪರವಾನಗಿಗಳನ್ನು ರದ್ದು ಮಾಡಿತು. ವಿಡಿಯೋಕಾನ್‌ನ 21 ವಲಯಗಳೂ ಹೋದವು. ಗೋಪುರ ನಿಲ್ಲಿಸಿ, ಗ್ರಾಹಕರನ್ನು ಕೂಡಿಸಿ ಎರಡು ವರ್ಷವೂ ಆಗಿರಲಿಲ್ಲ. ಆ ವರ್ಷದ ನವೆಂಬರಿನ ಹರಾಜಿನಲ್ಲಿ ಕಂಪನಿ ಬಿಹಾರ, ಹರಿಯಾಣ, ಮಧ್ಯಪ್ರದೇಶ, ಗುಜರಾತ್, ಉತ್ತರ ಪ್ರದೇಶದ ಪೂರ್ವ ಮತ್ತು ಪಶ್ಚಿಮ ಎಂದು 6 ವಲಯಗಳನ್ನು ಮತ್ತೆ ದುಡ್ಡು ಕೊಟ್ಟು ಕೊಂಡಿತು. ಮೂಲ ಬೆಲೆ ಎಷ್ಟು ದುಬಾರಿಯಾಗಿತ್ತೆಂದರೆ ಮುಂಬಯಿ, ದಿಲ್ಲಿ, ಕರ್ನಾಟಕ, ರಾಜಸ್ಥಾನಗಳಿಗೆ ಆ ಹರಾಜಿನಲ್ಲಿ ಒಬ್ಬರೂ ಕೂಗಲಿಲ್ಲ. ಹೀಗೆ ಮುಂಬಯಿಯಲ್ಲಿ ಕಚೇರಿಯಿದ್ದ ಕಂಪನಿಗೆ ಮುಂಬಯಿಯಲ್ಲೇ ಸಿಗ್ನಲ್ ಇಲ್ಲದಂತಾಯಿತು. ಫೋನೂ ನಮ್ಮದು ಸಿಮ್ಮೂ ನಮ್ಮದು ಎಂಬ ಯೋಜನೆಯ ಒಂದು ಕಾಲು ಮುರಿದಿತ್ತು. 2016ರಲ್ಲಿ ಆ 6 ವಲಯಗಳ ತರಂಗಾಂತರವನ್ನೂ ಏರ್‌ಟೆಲ್‌ಗೆ 4,428 ಕೋಟಿಗೆ ಮಾರಿ ಸೇವೆಯಿಂದ ಹೊರಬಂದದ್ದಾಯಿತು. ಹ್ಯಾಂಡ್‌ಸೆಟ್ಟು ಒಂಟಿಯಾಗಿ ಉಳಿಯಿತು. ಇನ್ಫಿನಿಯಂ, ಕ್ರಿಪ್ಟಾನ್ ಎಂದು ಮಾದರಿಯ ಮೇಲೆ ಮಾದರಿ ಬಂದವು, ಆದರೆ ಪಕ್ಕದ ಡಬ್ಬದಲ್ಲಿರುವ ಫೋನಿಗಿಂತ ಇದು ಹೇಗೆ ಬೇರೆ ಎಂದು ಕೇಳಿದರೆ ಅಂಗಡಿಯವನ ಬಳಿ ತನ್ನ ಮಾರ್ಜಿನ್ ಬಿಟ್ಟರೆ ಬೇರೆ ಉತ್ತರವಿರಲಿಲ್ಲ.

ಶೆನ್‌ಜೆನ್‌ನಿಂದ ಹೆಸರು ಹಚ್ಚಿ ತರುವ ವ್ಯಾಪಾರ ನಡೆಯುತ್ತಿದ್ದದ್ದು ಒಂದೇ ಆಧಾರದ ಮೇಲೆ: ಚೀನಾದವರು ತಾವೇ ಬಂದು ತಮ್ಮ ಹೆಸರಿನಲ್ಲಿ ಮಾರುವುದಿಲ್ಲ. 2014ರಲ್ಲಿ ಅವರು ಬಂದರು. ಜುಲೈಯಲ್ಲಿ ಶಿಯೋಮಿ ಅಂಗಡಿಯ ಗೊಡವೆಯೇ ಇಲ್ಲದೆ ಫ್ಲಿಪ್‌ಕಾರ್ಟ್ ಮೂಲಕ ಮಾರತೊಡಗಿತು. ಒಪ್ಪೋ, ವಿವೋಗಳು ಅದಕ್ಕೆ ವಿರುದ್ಧ ದಾರಿ ಹಿಡಿದು ಉಪನಗರಗಳ ಪುಟ್ಟ ಅಂಗಡಿಗಳ ಮುಂಭಾಗವನ್ನೆಲ್ಲ ನೀಲಿ, ಹಸಿರು ಬೋರ್ಡುಗಳಿಂದ ತುಂಬಿ ವ್ಯಾಪಾರಿಗೆ ಹೆಚ್ಚು ಕಮಿಷನ್ ಕೊಟ್ಟವು. ವಿಡಿಯೋಕಾನ್‌ನ ಹಳೆಯ ಬಲವಾದ ಡೀಲರು ಜಾಲಕ್ಕೆ ಒಂದು ಕಡೆಯಿಂದ ಆನ್‌ಲೈನ್ ಮಾರಾಟ, ಇನ್ನೊಂದು ಕಡೆಯಿಂದ ಕಮಿಷನ್ನು ಏಟು ಕೊಟ್ಟವು. 2016ರ ಸೆಪ್ಟೆಂಬರ್ 5ರಂದು ಮುಖೇಶ್ ಅಂಬಾನಿಯವರ ಜಿಯೋ ಸೇವೆ ಶುರುವಾದಾಗ ಗೋದಾಮುಗಳಲ್ಲಿದ್ದ 3ಜಿ ಫೋನುಗಳು ಹಳೆಯ ಸರಕಾದವು, ಏಕೆಂದರೆ ಜಿಯೋ ಸಿಮ್ಮು 4ಜಿ ಇಲ್ಲದ ಫೋನಿನಲ್ಲಿ ನಡೆಯುತ್ತಿರಲಿಲ್ಲ. ಎರಡು ತಿಂಗಳ ಮೇಲೆ ನೋಟು ರದ್ದತಿ. ಕೀಪ್ಯಾಡ್ ಫೋನು ಕೊಳ್ಳುವವನು ಕೊಡುತ್ತಿದ್ದದ್ದು ನಗದು, ಅದೇ ಇಲ್ಲವಾಯಿತು. 2017ರ ಜುಲೈ 21ರಂದು ಮುಂಬಯಿಯ ಬಿರ್ಲಾ ಮಾತುಶ್ರೀ ಸಭಾಗೃಹದಲ್ಲಿ ಮುಖೇಶ್ ಅಂಬಾನಿ 1,500 ರೂಪಾಯಿ ಠೇವಣಿಗೆ 4ಜಿ ಕೀಪ್ಯಾಡ್ ಫೋನು ಕೊಡುವುದಾಗಿ ಘೋಷಿಸಿದರು. ಠೇವಣಿ ಮರಳಿ ಕೊಡುವುದಾಗಿಯೂ ಹೇಳಿದರು. ಸ್ಮಾರ್ಟ್‌ಫೋನಿನಲ್ಲಿ ಸೋತು ಬಟನ್ ಫೋನಿನಲ್ಲಿ ಉಸಿರು ಹಿಡಿದಿದ್ದ ದೇಶಿ ಕಂಪನಿಗಳಿಗೆ ಆ ದಿನ ನಿಂತ ನೆಲವೇ ಕುಸಿಯಿತು. ಆ ವರ್ಷದ ಕೊನೆಗೆ ಸ್ಮಾರ್ಟ್‌ಫೋನ್ ಮಾರಾಟದಲ್ಲಿ ಶಿಯೋಮಿ ಮೊದಲ ಸ್ಥಾನಕ್ಕೇರಿತು.

ಸೋಲಿಗೆ ಕಾರಣ ಯಾರೆಂಬುದರ ಬಗ್ಗೆ ಕಂಪನಿಗೇ ಒಂದು ವಾದವಿತ್ತು. 2018ರಲ್ಲಿ ದಿವಾಳಿ ಪ್ರಕ್ರಿಯೆ ಶುರುವಾದಾಗ ಸುಮಾರು 39,000 ಕೋಟಿಯ ತನ್ನ ಸಾಲಕ್ಕೆ ಅದು ಮೂರು ಕಾರಣ ಕೊಟ್ಟಿತು: ಪರವಾನಗಿ ರದ್ದು ಮಾಡಿದ ಸುಪ್ರೀಂ ಕೋರ್ಟು, ನೋಟು ರದ್ದು ಮಾಡಿದ ಪ್ರಧಾನಿ, ತೈಲ ಯೋಜನೆಗೆ ಅಡ್ಡಿಯಾದ ಬ್ರೆಜಿಲ್ ಆಡಳಿತ. ಈ ವಾದವನ್ನು ಸುಮ್ಮನೆ ಬದಿಗೆ ಸರಿಸುವುದು ನ್ಯಾಯವಲ್ಲ. ಪರವಾನಗಿ ಹಂಚಿದ್ದು ಸರ್ಕಾರ, ದುಡ್ಡು ಇಸಿದುಕೊಂಡದ್ದು ಸರ್ಕಾರ. ಹಂಚಿಕೆಯ ತಪ್ಪಿಗೆ ಬಂಡವಾಳ ಹೂಡಿದವನು ಎಲ್ಲವನ್ನೂ ಕಳೆದುಕೊಳ್ಳಬೇಕೆ ಎಂಬ ಪ್ರಶ್ನೆ ಉಳಿದೇ ಇದೆ. ಆ ಹಂಚಿಕೆಯ ಬಗ್ಗೆ ನಡೆದ 2ಜಿ ಮೊಕದ್ದಮೆಯ ಆರೋಪಿಗಳನ್ನೆಲ್ಲ 2017ರ ಡಿಸೆಂಬರಿನಲ್ಲಿ ದಿಲ್ಲಿಯ ವಿಶೇಷ ನ್ಯಾಯಾಲಯ ಬಿಡುಗಡೆ ಮಾಡಿದ್ದು ಆ ಪ್ರಶ್ನೆಯನ್ನು ಇನ್ನಷ್ಟು ಕಗ್ಗಂಟಾಗಿಸಿತು. ಆದರೆ ನೋಟು ರದ್ದತಿಯ ಬಗ್ಗೆ ಕಂಪನಿ ಹೇಳಿದ್ದನ್ನು ಗಮನಿಸಿ: ಅದರಿಂದ ನಳಿಕೆಯ ಟಿವಿ ತಯಾರಿಕೆಗೆ ಬೇಕಾದ ಸರಬರಾಜು ನಿಂತುಹೋಯಿತು ಎಂಬುದು ದೂರು. ಜಗತ್ತು ನಳಿಕೆಯನ್ನು ಕೈಬಿಟ್ಟು ಒಂಬತ್ತು ವರ್ಷವಾದ ಮೇಲೂ ಅದನ್ನೇ ನೆಚ್ಚಿದ್ದೆವೆಂದು ಕಂಪನಿಯೇ ಕೊಟ್ಟ ಸಾಕ್ಷ್ಯ ಇದು. ಎಲ್ಲ ದೇಶಿ ಫೋನ್ ಕಂಪನಿಗಳೂ ಒಟ್ಟಿಗೆ ಬಿದ್ದವು, ವಿಡಿಯೋಕಾನ್ ಒಂದನ್ನೇ ದೂರುವುದೇಕೆ ಎಂಬ ಆಕ್ಷೇಪವೂ ಇದೆ. ಅವೆಲ್ಲ ಬಿದ್ದದ್ದು ನಿಜ, ಒಂದೇ ಕಾರಣಕ್ಕೆ ಬಿದ್ದದ್ದೂ ನಿಜ. ವ್ಯತ್ಯಾಸವಿಷ್ಟೆ: ಉಳಿದವುಗಳಲ್ಲಿ ಹೆಚ್ಚಿನವು ವ್ಯಾಪಾರಿಗಳಾಗಿಯೇ ಹುಟ್ಟಿದವು, ಕಾರ್ಖಾನೆಯ ಒಲೆ ಹೊತ್ತಿಸಿ ಗೊತ್ತಿದ್ದದ್ದು ವಿಡಿಯೋಕಾನ್‌ಗೆ. ಕಲಿಯಬಲ್ಲವನು ಕಲಿಯದಿದ್ದಾಗ ಆಗುವ ನಷ್ಟ ದೊಡ್ಡದು.

ಸಾಲದ ಕಥೆಯೂ ಇದಕ್ಕೆ ಹೊರತಲ್ಲ. 2012ರಲ್ಲಿ ಐಸಿಐಸಿಐ ಬ್ಯಾಂಕ್ ಈ ಸಮೂಹಕ್ಕೆ ಕೊಟ್ಟ 3,250 ಕೋಟಿ ರೂಪಾಯಿ ಸಾಲದ ಬಗ್ಗೆ ಸಿಬಿಐ 2019ರ ಜನವರಿಯಲ್ಲಿ ಮೊಕದ್ದಮೆ ದಾಖಲಿಸಿತು. ಬ್ಯಾಂಕಿನ ಅಂದಿನ ಮುಖ್ಯಸ್ಥೆ ಚಂದಾ ಕೊಚ್ಚರ್, ಅವರ ಪತಿ ಮತ್ತು ವೇಣುಗೋಪಾಲ್ ಧೂತ್ 2022ರ ಡಿಸೆಂಬರಿನಲ್ಲಿ ಬಂಧನಕ್ಕೊಳಗಾದರು, ಮರುತಿಂಗಳು ಬಾಂಬೆ ಹೈಕೋರ್ಟು ಅವರಿಗೆ ಮಧ್ಯಂತರ ಜಾಮೀನು ಕೊಟ್ಟಿತು. ಆರೋಪ ಸತ್ಯವೋ ಸುಳ್ಳೋ ಎಂಬುದು ನ್ಯಾಯಾಲಯದ ಕೆಲಸ, ಅದನ್ನು ಇಲ್ಲಿ ತೀರ್ಮಾನಿಸಬೇಕಿಲ್ಲ. ಇತಿಹಾಸಕ್ಕೆ ಬೇಕಾದ ಸಂಗತಿ ಬೇರೆಯದು: 2012ರಲ್ಲಿ ಈ ಸಮೂಹಕ್ಕೆ ಒಟ್ಟಾಗಿ ಸಾಲ ಕೊಟ್ಟದ್ದು ಒಂದಲ್ಲ, ಇಪ್ಪತ್ತರಷ್ಟು ಬ್ಯಾಂಕುಗಳು. ಪರವಾನಗಿಯ ಕಾಗದವನ್ನು, ತೈಲನಿಕ್ಷೇಪದ ಅಂದಾಜನ್ನು ಅವು ಆಸ್ತಿಯೆಂದು ಎಣಿಸಿದವು. ಸಮೂಹಕ್ಕೆ ಅಂಥ ಒಂದು ಪಂದ್ಯದಲ್ಲಿ ಗೆಲುವೂ ಸಿಕ್ಕಿತ್ತು. ಮೊಜಾಂಬಿಕ್‌ನ ರೋವುಮಾ ಅನಿಲಕ್ಷೇತ್ರದಲ್ಲಿದ್ದ ಶೇಕಡ 10ರ ಪಾಲು ಸುಮಾರು 247 ಕೋಟಿ ಡಾಲರಿಗೆ ಸರ್ಕಾರಿ ತೈಲ ಕಂಪನಿಗಳಿಗೆ ಮಾರಾಟವಾಯಿತು. ನೆಲದಡಿಯ ಒಂದು ಪಾಲಿನಿಂದ ಅಷ್ಟು ಬರುವಾಗ ಫೋನಿನ ಬೋರ್ಡಿನ ವಿನ್ಯಾಸ ಕಲಿಯಲು ಹತ್ತು ವರ್ಷ ಕೂರುವ ತಾಳ್ಮೆ ಮುಂಬಯಿಯ ಕಚೇರಿಗೆ ಬರುವುದಾದರೂ ಹೇಗೆ?

ಬಿದ್ದ ಮೇಲಿನ ಪರಿಣಾಮ ಎಲ್ಲರಿಗೂ ಒಂದೇ ಆಗಿರಲಿಲ್ಲ. 2021ರ ಆದೇಶದಂತೆ ಬ್ಯಾಂಕುಗಳಿಗೆ ನೂರಕ್ಕೆ ಐದರೊಳಗೆ ಸಿಗುತ್ತಿತ್ತು. ಬಿಡಿಭಾಗ, ಡಬ್ಬ, ಸಾಗಾಟ ಒದಗಿಸಿದ ಪೂರೈಕೆದಾರರಿಗೆ ನೂರಕ್ಕೆ 72 ಪೈಸೆ. ಅವರಲ್ಲಿ ಹೆಚ್ಚಿನವರು ಸಣ್ಣ ಉದ್ಯಮಿಗಳು, ಇದರಿಂದ ಅವರೂ ದಿವಾಳಿಯ ಬಾಗಿಲಿಗೆ ಬರುವ ಸಂಭವವಿದೆ ಎಂದು ಪೀಠವೇ ಆತಂಕ ತೋಡಿಕೊಂಡಿತು. ಕಂಪನಿಯನ್ನು ಬಿಡಿಬಿಡಿಯಾಗಿ ಮಾರಿದರೆ ಎಷ್ಟು ಬರಬಹುದೆಂಬ ಗುಟ್ಟಿನ ಅಂದಾಜಿಗೂ ಕೊಳ್ಳುವವರು ಕೂಗಿದ ಬೆಲೆಗೂ ಇದ್ದ ಹತ್ತಿರವನ್ನು ಕಂಡು ಅದು ಅಚ್ಚರಿಪಟ್ಟಿತು. ಬ್ಯಾಂಕ್ ಆಫ್ ಮಹಾರಾಷ್ಟ್ರ ಮತ್ತಿತರರು ಮೇಲ್ಮನವಿ ಹೋದರು. 2022ರ ಜನವರಿ 5ರಂದು ಮೇಲ್ಮನವಿ ನ್ಯಾಯಮಂಡಳಿ ಆ ಮಾರಾಟವನ್ನೇ ರದ್ದು ಮಾಡಿ ಕಡತವನ್ನು ಸಾಲ ಕೊಟ್ಟವರ ಸಮಿತಿಗೆ ಮರಳಿಸಿತು. ಆ ಹೊತ್ತಿಗೆ ಫೋನಿನ ಸುತ್ತಲಿನ ನೀತಿ ಪೂರ್ತಿ ಮಗುಚಿತ್ತು. 2015ರ ಬಜೆಟ್ಟು ಆಮದು ಫೋನಿಗೂ ಇಲ್ಲಿ ಜೋಡಿಸಿದ ಫೋನಿಗೂ ನಡುವೆ ಶೇಕಡ 11.5ರ ತೆರಿಗೆ ಅಂತರ ತಂದಿತ್ತು. 2018ರ ಹೊತ್ತಿಗೆ ಆಮದು ಸುಂಕ ಶೇಕಡ 20ಕ್ಕೇರಿತು. ವಿಡಿಯೋಕಾನ್‌ಗೆ ಬೇಕಿದ್ದ ಬೇಲಿ ಎದ್ದು ನಿಂತಾಗ ಒಳಗೆ ಬಂದು ಕೂತವರು ಬೇರೆಯವರು. ಕೋಲಾರದ ನರಸಾಪುರದಲ್ಲಿ ತೈವಾನಿನ ವಿಸ್ಟ್ರಾನ್ ಐಫೋನ್ ಜೋಡಿಸತೊಡಗಿತು, 2023ರಲ್ಲಿ ಆ ಕಾರ್ಖಾನೆಯನ್ನು ಟಾಟಾ ಎಲೆಕ್ಟ್ರಾನಿಕ್ಸ್ ಕೊಂಡಿತು. ದೇವನಹಳ್ಳಿಯ ಬಳಿ ಫಾಕ್ಸ್‌ಕಾನ್ ಕಾರ್ಖಾನೆ ಎದ್ದಿತು. ಜೋಡಣೆ ಇಲ್ಲಿ, ವಿನ್ಯಾಸ ಕ್ಯಾಲಿಫೋರ್ನಿಯಾದಲ್ಲಿ, ಪರದೆ ಕೊರಿಯಾದಿಂದ, ಚಿಪ್ಪು ತೈವಾನಿನಿಂದ. ನರಸಾಪುರದ ಸಾಲುಮೇಜುಗಳ ಮುಂದೆ ಕೆಲಸ ಮಾಡುತ್ತಿರುವ ಹುಡುಗಿಯರು ಹುಟ್ಟುವ ಮೊದಲೇ ಭರೂಚಿನಲ್ಲಿ ವಿಡಿಯೋಕಾನ್ ಟಿವಿಯ ಗಾಜನ್ನು ಎರೆಯುತ್ತಿತ್ತು.